ಆದೇಶಸಾಲಿನ ಔಟ್‌ಪುಟ್ ಮತ್ತು ಕನ್ನಡ ಪಠ್ಯದ ಶುದ್ಧಿ: ಪೈಥಾನ್ ಸ್ಕ್ರಿಪ್ಟ್‌ಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಒಂದು ಶಬ್ದವು ಅಥವಾ ಪ್ರತ್ಯಯವು ಒಂದು ಕೃತಿಯಲ್ಲಿ ಇದೆ ಎಂದು ತೋರಿಸಲು ಒಂದೇ ಒಂದು ಉದಾಹರಣೆ ಸಾಕು. ಇಲ್ಲವೆಂದು ಹೇಳಬೇಕಾದರೆ ಇಡೀ ಕೃತಿಯನ್ನು ಸಾದ್ಯಂತ ಶೋಧಿಸಿರಬೇಕು. ಕೃತಿಗಳ ಕಾಲನಿರ್ಣಯ, ಪ್ರಕ್ಷಿಪ್ತ ಭಾಗಗಳ ವಿವೇಚನೆ, ಶಬ್ದರೂಪಗಳ ಇತಿಹಾಸ ಇವೆಲ್ಲವೂ ಹಲವು ಸಂದರ್ಭಗಳಲ್ಲಿ ಇಂಥ 'ಇಲ್ಲ' ಎಂಬ ಹೇಳಿಕೆಯ ಮೇಲೆಯೇ ನಿಂತಿರುತ್ತವೆ. ಹಿಂದಿನ ತಲೆಮಾರಿನ ವಿದ್ವಾಂಸರು ಚೀಟಿಗಳ ಮೇಲೆ ಪದಗಳನ್ನು ಬರೆದು, ಅಕಾರಾದಿಯಾಗಿ ಜೋಡಿಸಿಕೊಂಡು ಮಾಡುತ್ತಿದ್ದ ಈ ಶೋಧವನ್ನು ಈಗ ಬಹುಮಟ್ಟಿಗೆ ಗಣಕಯಂತ್ರಕ್ಕೆ ವಹಿಸಲಾಗುತ್ತಿದೆ. ಅದಕ್ಕಾಗಿ ಪೈಥಾನ್ ಭಾಷೆಯಲ್ಲಿ ಚಿಕ್ಕ ಚಿಕ್ಕ ಸ್ಕ್ರಿಪ್ಟ್‌ಗಳನ್ನು ತಾವೇ ಬರೆದುಕೊಳ್ಳುವ ಸಾಹಿತ್ಯದ ವಿದ್ಯಾರ್ಥಿಗಳೂ ಇದ್ದಾರೆ. ಇಂಥ ಸ್ಕ್ರಿಪ್ಟ್ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಪುಟದ ಚಿತ್ರವನ್ನು ಅಕ್ಷರಗಳಾಗಿ ಓದುವ ಕೆಲಸವನ್ನು ಒಂದು ಪ್ರೋಗ್ರಾಮಿಗೆ, ಹುಡುಕುವ ಕೆಲಸವನ್ನು ಇನ್ನೊಂದಕ್ಕೆ ಹೇಳಿ, ಅವು ಕೊಟ್ಟ ಉತ್ತರವನ್ನು ತನ್ನೊಳಗೆ ಪಡೆದುಕೊಂಡು ಮುಂದುವರಿಯುತ್ತದೆ. ಉತ್ತರವನ್ನು ಪಡೆದುಕೊಳ್ಳುವ ಈ ಹಂತ ಕೇವಲ ಯಾಂತ್ರಿಕವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಪಠ್ಯವು ಸದ್ದಿಲ್ಲದೆ ಕೆಡುವುದು ಅಥವಾ ಕಳೆದುಹೋಗುವುದು ಇಲ್ಲಿಯೇ ಎಂಬುದನ್ನು ಉದಾಹರಣೆಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿಟಕಿ, ಗುಂಡಿ, ಮೆನು ಯಾವುದೂ ಇಲ್ಲದೆ, ಬರೆದ ಆದೇಶವನ್ನು ಓದಿ ಬರಹದಲ್ಲಿಯೇ ಉತ್ತರ ಕೊಡುವ ಪ್ರೋಗ್ರಾಂಗಳನ್ನು ಆದೇಶಸಾಲಿನ, ಅಂದರೆ ಕಮಾಂಡ್ ಲೈನಿನ, ಪ್ರೋಗ್ರಾಂಗಳೆಂದು ಕರೆಯುತ್ತಾರೆ. ಕನ್ನಡ ಸಂಶೋಧಕರಿಗೆ ಇವುಗಳಲ್ಲಿ ಮೂರು ಮುಖ್ಯವಾಗಿ ಬೇಕಾಗುತ್ತವೆ. ಮೊದಲನೆಯದು ಟೆಸರಾಕ್ಟ್. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ 1985 ಮತ್ತು 1994ರ ನಡುವೆ ರೂಪುಗೊಂಡು 2005ರಲ್ಲಿ ಮುಕ್ತ ತಂತ್ರಾಂಶವಾದ ಇದು ಮುದ್ರಿತ ಪುಟದ ಚಿತ್ರವನ್ನು ಪಠ್ಯವಾಗಿ ಪರಿವರ್ತಿಸುತ್ತದೆ. ಕನ್ನಡಕ್ಕೂ ದತ್ತಾಂಶವನ್ನು ಹೊಂದಿದೆ. ಎರಡನೆಯದು ಪಿಡಿಎಫ್ ಕಡತದಿಂದ ಪಠ್ಯವನ್ನು ಹೊರತೆಗೆಯುವ ಪಿಡಿಎಫ್‌ಟುಟೆಕ್ಸ್ಟ್. ಮೂರನೆಯದು ಕಡತಗಳಲ್ಲಿ ಪದವನ್ನು ಹುಡುಕುವ ಗ್ರೆಪ್. ಇವುಗಳ ಹೆಸರನ್ನೂ ಪೈಥಾನಿನ ಆದೇಶಪದಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಕೊಡಲಾಗಿದೆ. ಸ್ಕ್ರಿಪ್ಟಿನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕೆಂಬುದು ಸ್ಪಷ್ಟ.

ಇಂಥ ಪ್ರತಿಯೊಂದು ಪ್ರೋಗ್ರಾಮೂ ಕೆಲಸ ಮುಗಿಸುವಾಗ ಒಂದಲ್ಲ, ಮೂರು ವಸ್ತುಗಳನ್ನು ಹಿಂದಿರುಗಿಸುತ್ತದೆ. ಕೇಳಿದ ಪಠ್ಯವು ಸ್ಟ್ಯಾಂಡರ್ಡ್ ಔಟ್‌ಪುಟ್ ಎಂಬ ವಾಹಿನಿಯಲ್ಲಿ ಬರುತ್ತದೆ. ಎಚ್ಚರಿಕೆ, ದೋಷ, ಪ್ರಗತಿ ಮೊದಲಾದವನ್ನು ತಿಳಿಸುವ ಮಾತುಗಳು ಸ್ಟ್ಯಾಂಡರ್ಡ್ ಎರರ್ ಎಂಬ ಬೇರೊಂದು ವಾಹಿನಿಯಲ್ಲಿ ಬರುತ್ತವೆ. ಕೊನೆಯದು, ಕೆಲಸ ಹೇಗೆ ಮುಗಿಯಿತೆಂದು ಹೇಳುವ ಒಂದು ಪುಟ್ಟ ಪೂರ್ಣಾಂಕ. ಇದನ್ನು ನಿರ್ಗಮನ ಸಂಖ್ಯೆ ಎನ್ನಬಹುದು. ಪರದೆಯ ಮೇಲೆ ನೋಡುವಾಗ ಮೊದಲಿನ ಎರಡೂ ಕಲೆತುಕೊಂಡು ಕಾಣುತ್ತವೆ, ಮೂರನೆಯದು ಕಾಣುವುದೇ ಇಲ್ಲ. ಆದಕಾರಣ ಪರದೆಯ ಅನುಭವದಿಂದ ಕಲಿತವರಿಗೆ 'ಔಟ್‌ಪುಟ್' ಎಂದರೆ ಕಂಡದ್ದೆಲ್ಲ ಎಂಬ ಭಾವನೆ ಬೇರೂರಿರುತ್ತದೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಮೂಲ ಪಾಠವನ್ನೂ ಲಿಪಿಕಾರನು ಅಂಚಿನಲ್ಲಿ ಬರೆದ ಟಿಪ್ಪಣಿಯನ್ನೂ ಒಂದೇ ಎಂದು ತಿಳಿದಂತೆ ಇದು.

ಹಳಗನ್ನಡದ ೞಕಾರದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಕೃತಿಯ ಗಣಕೀಕೃತ ಪಾಠದಲ್ಲಿ ೞಕಾರವುಳ್ಳ ಸಾಲುಗಳನ್ನೆಲ್ಲ ಹುಡುಕುವಂತೆ ಸ್ಕ್ರಿಪ್ಟ್ ಒಂದು ಗ್ರೆಪ್‌ಗೆ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಉತ್ತರವಾಗಿ ಖಾಲಿ ಪಠ್ಯ ಬರುತ್ತದೆ. ಇದರ ಅರ್ಥವೇನು? ಕೃತಿಯಲ್ಲಿ ೞಕಾರ ಇಲ್ಲದಿರಬಹುದು. ಪಠ್ಯವನ್ನು ಟೈಪಿಸಿದವರು ಎಲ್ಲೆಡೆ ಳಕಾರವನ್ನೇ ಬಳಸಿರಬಹುದು. ಕಡತದ ಹೆಸರಿನಲ್ಲಿ ಒಂದಕ್ಷರ ತಪ್ಪಿ ಗ್ರೆಪ್ ಆ ಕಡತವನ್ನು ತೆರೆಯದೆಯೇ ಇದ್ದಿರಬಹುದು. ಮೂರೂ ಸಂದರ್ಭಗಳಲ್ಲಿ ಸ್ಕ್ರಿಪ್ಟಿನ ಕೈಗೆ ಬರುವುದು ಅದೇ ಖಾಲಿ ಪಠ್ಯ. ಇವುಗಳಲ್ಲಿ ಎರಡನೆಯದನ್ನು ನಿರ್ಣಯಿಸುವುದು ಸಂಪಾದಕನ ಕೆಲಸ, ಯಾವ ಯಂತ್ರವೂ ಅದನ್ನು ಮಾಡಲಾರದು. ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು ಗ್ರೆಪ್ ತಾನಾಗಿಯೇ ಹೇಳುತ್ತದೆ. ಹುಡುಕಿದ್ದು ಸಿಕ್ಕರೆ ಅದರ ನಿರ್ಗಮನ ಸಂಖ್ಯೆ 0, ಸಿಗದಿದ್ದರೆ 1, ಕಡತ ಇಲ್ಲದಿರುವುದೇ ಮೊದಲಾದ ದೋಷವಿದ್ದರೆ 2. ಈ ಸಂಖ್ಯೆಯನ್ನು ನೋಡದ ಸ್ಕ್ರಿಪ್ಟ್ 'ಹುಡುಕಿದೆ, ಇಲ್ಲ' ಎಂಬುದನ್ನೂ 'ಹುಡುಕಲೇ ಇಲ್ಲ' ಎಂಬುದನ್ನೂ ಒಂದೇ ಎಂದು ದಾಖಲಿಸುತ್ತದೆ. ಐವತ್ತು ಕೃತಿಗಳ ಕೋಷ್ಟಕವೊಂದರಲ್ಲಿ ಹೀಗೆ ಸೇರಿಕೊಂಡ ಒಂದು ಸೊನ್ನೆ ಮುಂದೆ ಯಾರ ಕಣ್ಣಿಗೂ ಬೀಳದು.

ಗ್ರೆಪ್‌ನ ಇನ್ನೊಂದು ನಡವಳಿಕೆಯನ್ನೂ ಇಲ್ಲಿಯೇ ಹೇಳಬೇಕು. ಕಡತದಲ್ಲಿ ಯುಟಿಎಫ್-8ಕ್ಕೆ ಹೊಂದದ ಒಂದು ಬೈಟ್ ಎದುರಾದರೂ ಅದು ಆ ಕಡತವನ್ನು ಪಠ್ಯವಲ್ಲವೆಂದು ಪರಿಗಣಿಸಿ, ಸಾಲುಗಳನ್ನು ಕೊಡುವುದನ್ನು ನಿಲ್ಲಿಸಿ, ಹೊಂದಿಕೆಯಾಗಿದೆ ಎಂಬ ಸೂಚನೆಯನ್ನಷ್ಟೇ ಕೊಡಬಹುದು. ನಿರ್ಗಮನ ಸಂಖ್ಯೆ ಆಗಲೂ 0 ಆಗಿರುತ್ತದೆ. 2020ರಲ್ಲಿ ಬಂದ 3.5ನೆಯ ಆವೃತ್ತಿಯಿಂದ ಈ ಸೂಚನೆ ದೋಷವಾಹಿನಿಗೆ ಹೋಗುತ್ತದೆ. ಅದಕ್ಕೂ ಹಿಂದೆ ಪಠ್ಯದ ಜೊತೆಯಲ್ಲಿಯೇ ಬರುತ್ತಿತ್ತು. ಆದುದರಿಂದ ಸಂಖ್ಯೆಯನ್ನು ಮಾತ್ರ ನೋಡಿದರೂ ಸಾಲದು, ದೋಷವಾಹಿನಿಯಲ್ಲಿ ಬಂದ ಮಾತನ್ನೂ ಓದಬೇಕಾಗುತ್ತದೆ.

ಈ ಮೂರನ್ನೂ ಪೈಥಾನಿನಲ್ಲಿ ಪಡೆಯುವ ವಿಧಾನಗಳು ಕಾಲಕ್ರಮದಲ್ಲಿ ಬದಲಾಗುತ್ತ ಬಂದಿವೆ. ಹಳೆಯ ಕೈಪಿಡಿಗಳನ್ನು ನೋಡಿ ಬರೆಯುವವರು ಇಂದಿಗೂ ಬಳಸುವ 'ಓಎಸ್.ಸಿಸ್ಟಮ್' ಎಂಬುದು ಔಟ್‌ಪುಟ್ಟನ್ನು ಪರದೆಗೆ ಬಿಟ್ಟು ಕೊನೆಯ ಸ್ಥಿತಿಯನ್ನು ಸೂಚಿಸುವ ಸಂಖ್ಯೆಯನ್ನು ಮಾತ್ರ ಹಿಂದಿರುಗಿಸುತ್ತದೆ. ಪಠ್ಯವನ್ನು ನಿರೀಕ್ಷಿಸಿದವರ ಕೈಗೆ 0 ಎಂಬ ಅಂಕಿ ಸಿಗುವುದು ಈ ಕಾರಣದಿಂದ. 'ಗೆಟ್‌ಔಟ್‌ಪುಟ್' ಎಂಬುದು ಪಠ್ಯವನ್ನೇನೋ ಕೊಡುತ್ತದೆ, ಆದರೆ ಎರಡು ವಾಹಿನಿಗಳನ್ನೂ ಬೆರೆಸಿ ಕೊಡುತ್ತದೆ. ಟೆಸರಾಕ್ಟ್ ಓದಿದ ಪುಟವನ್ನು ಹೀಗೆ ಪಡೆದರೆ, ಚಿತ್ರದ ಸಾಂದ್ರತೆಯನ್ನು ಅಂದಾಜು ಮಾಡಿದ್ದೇನೆ ಎಂಬಂಥ ಅದರ ಇಂಗ್ಲಿಷ್ ಮಾತುಗಳೂ ಕನ್ನಡ ಗದ್ಯದ ನಡುವೆ ಸೇರಿಕೊಳ್ಳುತ್ತವೆ. 2004ರಲ್ಲಿ ಬಂದ ಪೈಥಾನ್ 2.4ರಲ್ಲಿ 'ಸಬ್‌ಪ್ರೊಸೆಸ್' ಎಂಬ ಮಾಡ್ಯೂಲನ್ನು ಸೇರಿಸಲಾಯಿತು. ಇಂದು ಶಿಫಾರಸು ಮಾಡಬೇಕಾದದ್ದು ಅದರ 'ರನ್' ಎಂಬ ಫಂಕ್ಷನ್ನನ್ನು. ಇದು 2015ರ ಪೈಥಾನ್ 3.5ರಿಂದ ಲಭ್ಯವಿದೆ. 2018ರ 3.7ನೆಯ ಆವೃತ್ತಿಯಿಂದ ಅದಕ್ಕೆ 'ಕ್ಯಾಪ್ಚರ್ ಔಟ್‌ಪುಟ್' ಎಂಬ ಆಯ್ಕೆಯನ್ನು ನಿಜವೆಂದು ಕೊಟ್ಟರೆ ಪಠ್ಯ, ದೋಷವಾಹಿನಿಯ ಮಾತು, ನಿರ್ಗಮನ ಸಂಖ್ಯೆ ಮೂರೂ ಬೇರೆ ಬೇರೆಯಾಗಿ ಒಂದೇ ವಸ್ತುವಿನೊಳಗೆ ದೊರೆಯುತ್ತವೆ.

ಅದೇ ಫಂಕ್ಷನ್ನಿಗೆ 'ಚೆಕ್' ಎಂಬ ಇನ್ನೊಂದು ಆಯ್ಕೆ ಇದೆ. ಅದನ್ನು ಕೊಟ್ಟಾಗ ನಿರ್ಗಮನ ಸಂಖ್ಯೆ 0 ಆಗಿರದಿದ್ದರೆ ಸ್ಕ್ರಿಪ್ಟ್ ಅಲ್ಲಿಯೇ ನಿಂತು ದೋಷವನ್ನು ವರದಿ ಮಾಡುತ್ತದೆ. ಟೆಸರಾಕ್ಟ್, ಪಿಡಿಎಫ್‌ಟುಟೆಕ್ಸ್ಟ್‌ಗಳ ವಿಷಯದಲ್ಲಿ ಇದು ಯೋಗ್ಯ. ಗ್ರೆಪ್‌ನ ವಿಷಯದಲ್ಲಿ ಅಲ್ಲ. ಪದವೊಂದು ಕೃತಿಯಲ್ಲಿ ಇಲ್ಲದಿರುವುದು ದೋಷವಲ್ಲವಷ್ಟೆ. ಅಲ್ಲಿ 0 ಮತ್ತು 1 ಎರಡನ್ನೂ ಒಪ್ಪಿ, 2 ಬಂದಾಗ ಮಾತ್ರ ನಿಲ್ಲುವಂತೆ ಬರೆಯಬೇಕು. ಎಲ್ಲ ಪ್ರೋಗ್ರಾಂಗಳಿಗೂ ಒಂದೇ ನಿಯಮ ಅನ್ವಯಿಸದು, ಪ್ರತಿಯೊಂದರ ಕೈಪಿಡಿಯನ್ನೂ ನೋಡಲೇಬೇಕು. ಮಾಹಿತಿಯನ್ನು ಯಾವ ವಾಹಿನಿಯಲ್ಲಿ ಕೊಡಬೇಕೆಂಬುದರಲ್ಲೂ ಪ್ರೋಗ್ರಾಂಗಳ ನಡುವೆ ಏಕರೂಪತೆ ಇಲ್ಲ. ತನ್ನ ಆವೃತ್ತಿಯನ್ನು ಕೇಳಿದಾಗ ಜಾವಾ ರೂಢಿಯಾಗಿ ದೋಷವಾಹಿನಿಯಲ್ಲಿ ಉತ್ತರಿಸುತ್ತದೆ. ಪೈಥಾನ್ ಕೂಡ 3.4ನೆಯ ಆವೃತ್ತಿಗೆ ಮೊದಲು ಹಾಗೆಯೇ ಮಾಡುತ್ತಿತ್ತು.

ಆದೇಶವನ್ನು ಒಂದೇ ಉದ್ದ ವಾಕ್ಯವಾಗಿ ಬರೆದು ಶೆಲ್‌ಗೆ ಒಪ್ಪಿಸುವುದಕ್ಕಿಂತ, ಅದರ ಪದಗಳನ್ನು ಬಿಡಿಬಿಡಿಯಾಗಿ ಪಟ್ಟಿಯ ರೂಪದಲ್ಲಿ ಕೊಡುವುದು ಉತ್ತಮ. 'ಪಂಪ ಭಾರತ' ಎಂದು ನಡುವೆ ತೆರಪು ಬಿಟ್ಟು ಹೆಸರಿಸಿದ ಕಡತವನ್ನು ಶೆಲ್ ಎರಡು ಕಡತಗಳೆಂದು ಓದುತ್ತದೆ. ಪಟ್ಟಿಯಲ್ಲಿ ಅದು ಒಂದೇ ಆಗಿ ಉಳಿಯುತ್ತದೆ. ಅಲ್ಲದೆ ಶೆಲ್‌ನಲ್ಲಿ ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಪೈಪಿನ ಮೂಲಕ ಹರಿಸಿದಾಗ ಸಾಮಾನ್ಯವಾಗಿ ಕೊನೆಯ ಪ್ರೋಗ್ರಾಮಿನ ನಿರ್ಗಮನ ಸಂಖ್ಯೆ ಮಾತ್ರ ಕೈಗೆ ಬರುತ್ತದೆ. ಮೊದಲನೆಯದು ಅರ್ಧದಲ್ಲಿ ಬಿದ್ದುಹೋಗಿದ್ದರೂ ಕೊನೆಯದು ತನಗೆ ಬಂದಷ್ಟನ್ನು ಎಣಿಸಿ 0 ಎನ್ನುತ್ತದೆ.

ಇಷ್ಟು ಹೇಳಿದ್ದು ಯಾವ ಭಾಷೆಯ ಪಠ್ಯಕ್ಕಾದರೂ ಸಲ್ಲುತ್ತದೆ. ಕನ್ನಡದ ವಿಶೇಷ ಸಮಸ್ಯೆ ಆರಂಭವಾಗುವುದು ಬೈಟ್‌ಗಳನ್ನು ಅಕ್ಷರಗಳಾಗಿ ಓದುವಲ್ಲಿ. ಪ್ರೋಗ್ರಾಂಗಳ ನಡುವೆ ಹರಿಯುವುದು ಅಕ್ಷರಗಳಲ್ಲ, 0ರಿಂದ 255ರವರೆಗಿನ ಸಂಖ್ಯೆಗಳು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಯಿತು. ದಶಮಾನದಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡದವು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಈ ಪ್ರತಿಯೊಂದು ಸಂಖ್ಯೆಯೂ ಮೂರು ಬೈಟ್‌ಗಳಾಗುತ್ತದೆ. ಮೊದಲನೆಯ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ. ಕಕಾರವು 224, 178, 149 ಎಂದಾಗುತ್ತದೆ. 'ಕನ್ನಡ' ಎಂಬುದು ಓದುವವರಿಗೆ ಮೂರು ಅಕ್ಷರ, ಯೂನಿಕೋಡಿಗೆ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತ, ಪೈಪಿನಲ್ಲಿ ಹದಿನೈದು ಬೈಟ್. ಇಲ್ಲಿ ವಿರಾಮಚಿಹ್ನೆಯೆಂದರೆ ವ್ಯಂಜನದ ಅಕಾರವನ್ನು ತೆಗೆದು ಒತ್ತಕ್ಷರಕ್ಕೆ ಎಡೆಮಾಡುವ ಅರ್ಧಾಕ್ಷರದ ಗುರುತು.

ಸ್ಕ್ರಿಪ್ಟ್ ಈ ಬೈಟ್‌ಗಳನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕೆಂದು ಹೇಳದೆ ಪಠ್ಯವಾಗಿ ಕೊಡು ಎಂದಷ್ಟೇ ಕೇಳಿದರೆ, ಪೈಥಾನ್ ತಾನಿರುವ ಯಂತ್ರದ ರೂಢಿಯನ್ನು ಅನುಸರಿಸುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8 ಆಗಿರುವುದರಿಂದ ತೊಂದರೆ ಕಾಣದು. ಇಂಗ್ಲಿಷಿಗೆ ಹೊಂದಿಸಿದ ವಿಂಡೋಸ್ ಯಂತ್ರದಲ್ಲಿ ಸಾಮಾನ್ಯವಾಗಿ ಅದು 1252 ಎಂಬ ಸಂಕೇತಪಟ್ಟಿ. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ್ದು. ಪೈಥಾನಿನ 3.15ನೆಯ ಆವೃತ್ತಿಯಿಂದ ಎಲ್ಲೆಡೆಯೂ ಯುಟಿಎಫ್-8 ಅನ್ನೇ ರೂಢಿಯಾಗಿಸುವ ಪ್ರಸ್ತಾವ 2022ರಲ್ಲಿ ಅಂಗೀಕೃತವಾಗಿದೆ. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಈ ಭೇದ ಇದ್ದೇ ಇದೆ.

ಈ 1252ರ ಪಟ್ಟಿಯಲ್ಲಿ ಕನ್ನಡ ಪಡುವ ಪಾಡು ಸ್ವಾರಸ್ಯಕರವಾದುದು. ಆ ಪಟ್ಟಿಯಲ್ಲಿ 129, 141, 143, 144, 157 ಎಂಬ ಐದು ಸ್ಥಾನಗಳು ಖಾಲಿ. ಕನ್ನಡದಲ್ಲಿ ಮೂರನೆಯ ಬೈಟಾಗಿ 129 ಬರುವುದು ಉಕಾರದ ಕೊಂಬಿನಲ್ಲಿ. 141 ಬರುವುದು ವಿರಾಮಚಿಹ್ನೆಯಲ್ಲಿ. ಉಳಿದವು ಕ್ರಮವಾಗಿ ಏ, ಐ, ಝ ಅಕ್ಷರಗಳಲ್ಲಿ. ಆದ್ದರಿಂದ 'ಕಮಲ' ಎಂಬ ಪದವನ್ನು ಈ ಪಟ್ಟಿಯ ಮೂಲಕ ಓದಿದರೆ ಪೈಥಾನ್ ಯಾವ ಆಕ್ಷೇಪವನ್ನೂ ಎತ್ತದೆ, ಮೇಲೆ ಗೀರು ಹೊತ್ತ ರೋಮನ್ ಅಕ್ಷರ ಮತ್ತು ವರ್ಗಸಂಖ್ಯೆಯ ಚಿಹ್ನೆಗಳ ಒಂದು ಸಾಲನ್ನು ಕೊಡುತ್ತದೆ. 'ಕನ್ನಡ' ಎಂಬ ಪದವಾದರೆ ಒತ್ತಕ್ಷರದ ಬಳಿ ದೋಷವೆಂದು ನಿಂತುಬಿಡುತ್ತದೆ. ಕನ್ನಡ ಗದ್ಯದಲ್ಲಿ ಉಕಾರವೂ ಒತ್ತಕ್ಷರವೂ ಇಲ್ಲದ ವಾಕ್ಯ ದೊರೆಯುವುದು ಕಷ್ಟ. ಹೀಗಾಗಿ ಕನ್ನಡದ ಪಠ್ಯ ಬಹುತೇಕ ಮೊದಲ ಸಾಲಿನಲ್ಲಿಯೇ ಸ್ಕ್ರಿಪ್ಟನ್ನು ನಿಲ್ಲಿಸುತ್ತದೆ. ಇದನ್ನು ಉಪದ್ರವವೆಂದು ಎಣಿಸುವವರೇ ಹೆಚ್ಚು. ವಾಸ್ತವವಾಗಿ ಇದು ಉಪಕಾರ. ನಿಲ್ಲದೆ ಮುಂದುವರಿದಿದ್ದರೆ ಕೆಟ್ಟ ಪಾಠವೇ ಸಂಗ್ರಹಕ್ಕೆ ಸೇರುತ್ತಿತ್ತು.

ಪರಿಹಾರ ಸರಳವಾದುದು. 'ರನ್' ಫಂಕ್ಷನ್ನಿಗೆ 'ಎನ್‌ಕೋಡಿಂಗ್' ಎಂಬ ಆಯ್ಕೆಯಲ್ಲಿ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಬೇಕು. 2016ರ ಪೈಥಾನ್ 3.6ರಿಂದ ಇದು ಸಾಧ್ಯ. ಆದರೆ ಅವಸರದಲ್ಲಿರುವವರು ಹಿಡಿಯುವ ದಾರಿ ಬೇರೆ. 'ಎರರ್ಸ್' ಎಂಬ ಆಯ್ಕೆಯಲ್ಲಿ 'ಇಗ್ನೋರ್' ಎಂದು ಬರೆದರೆ ದೋಷ ಮಾಯವಾಗುತ್ತದೆ. ಮಾಯವಾಗುವುದು ದೋಷವಲ್ಲ, ಓದಲಾಗದ ಬೈಟ್‌ಗಳು. ಆಸ್ಕಿ ಎಂಬ ಹಳೆಯ ಪಟ್ಟಿಯ ಜೊತೆಗೆ ಇದನ್ನು ಬಳಸಿದರೆ ಒಂದು ಪುಟದ ಕನ್ನಡದಲ್ಲಿ ಉಳಿಯುವುದು ತೆರಪು, ಪೂರ್ಣವಿರಾಮ ಮತ್ತು ಪುಟಸಂಖ್ಯೆ ಮಾತ್ರ. ಅದು ಬಹಿರಂಗವಾದ ನಾಶ, ಯಾರಿಗಾದರೂ ಕಾಣುತ್ತದೆ. ಅಪಾಯಕಾರಿಯಾದದ್ದು ಅಲ್ಲೊಂದು ಇಲ್ಲೊಂದು ಸಂಕೇತ ಬಿದ್ದುಹೋಗುವ ಸ್ಥಿತಿ. ವಿರಾಮಚಿಹ್ನೆಯೊಂದು ಬಿದ್ದರೆ 'ಕನ್ನಡ' ಎಂಬುದು 'ಕನನಡ' ಆಗುತ್ತದೆ. ಗ್ರಂಥಸಂಪಾದನೆಯನ್ನು ಶಾಸ್ತ್ರವಾಗಿ ಕನ್ನಡಕ್ಕೆ ವಿವರಿಸಿದ ಡಿ.ಎಲ್. ನರಸಿಂಹಾಚಾರ್ಯರಿಂದ ಮೊದಲುಗೊಂಡು ನಮ್ಮ ಸಂಪಾದಕರೆಲ್ಲರೂ ಲಿಪಿಕಾರರ ಸ್ಖಾಲಿತ್ಯಗಳ ಬಗ್ಗೆ ಎಷ್ಟು ಎಚ್ಚರ ವಹಿಸಿದ್ದಾರೆಂಬುದು ತಿಳಿದ ವಿಷಯ. ಓಲೆ ಮುರಿದಿದ್ದಲ್ಲಿ ಚುಕ್ಕೆಗಳನ್ನಿಟ್ಟು ತ್ರುಟಿತವೆಂದು ತೋರಿಸುವುದು ಸಂಪಾದನೆಯ ಮರ್ಯಾದೆ. 'ಇಗ್ನೋರ್' ಎಂಬುದು ಆ ಚುಕ್ಕೆಗಳನ್ನೂ ಅಳಿಸಿ ಎರಡು ತುಂಡುಗಳನ್ನು ಅಂಟಿಸುವ ಕೆಲಸ. ಯಾವುದೋ ಕಾರಣದಿಂದ ಮುಂದುವರಿಯಲೇಬೇಕಾದರೆ 'ರಿಪ್ಲೇಸ್' ಎಂಬುದನ್ನು ಬಳಸಬಹುದು. ಅದು ಓದಲಾಗದ ಜಾಗದಲ್ಲಿ ಪ್ರಶ್ನಾರ್ಥಕವುಳ್ಳ ಒಂದು ವಿಶೇಷ ಗುರುತನ್ನು ಇಡುತ್ತದೆ, ಆ ಗುರುತುಗಳನ್ನು ಎಣಿಸಲೂಬಹುದು. ಮೂಲ ಬೈಟ್‌ಗಳನ್ನೇ ಒಂದು ಕಡತದಲ್ಲಿ ಹಾಗೆಯೇ ಉಳಿಸಿ, ಓದುವ ಕೆಲಸವನ್ನು ಅನಂತರ ಪ್ರತ್ಯೇಕವಾಗಿ ಮಾಡುವುದು ಇದಕ್ಕಿಂತಲೂ ಶ್ರೇಷ್ಠ.

ಗೀರು ಹೊತ್ತ ರೋಮನ್ ಅಕ್ಷರಗಳು ಕಂಡಾಗಲೆಲ್ಲ ಎನ್‌ಕೋಡಿಂಗ್ ತಪ್ಪಿದೆ ಎಂದು ತೀರ್ಮಾನಿಸುವುದೂ ಸರಿಯಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಸಿದ್ಧವಾದ ಪ್ರಬಂಧಗಳೂ ಪುಸ್ತಕಗಳೂ ಅಪಾರವಾಗಿವೆ. ಆ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಿಕೊಂಡಿರುತ್ತವೆ. ಅಂಥ ಪಿಡಿಎಫ್‌ನಿಂದ ಪಿಡಿಎಫ್‌ಟುಟೆಕ್ಸ್ಟ್ ಪಠ್ಯವನ್ನು ತೆಗೆದಾಗ ಕನ್ನಡದ ಬದಲು ರೋಮನ್ ಅಕ್ಷರಗಳು ಬಂದರೆ ಅದು ಪ್ರಾಮಾಣಿಕವಾಗಿಯೇ ವರ್ತಿಸಿದೆ, ಮೂಲದಲ್ಲಿದ್ದುದೇ ಅದು. ದೋಷ ಮಾತೃಕೆಯಲ್ಲಿದೆಯೋ ಪ್ರತಿ ಮಾಡಿದವನಲ್ಲಿದೆಯೋ ಎಂಬ ಹಳೆಯ ಪ್ರಶ್ನೆ ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ. ಇದನ್ನು ಬಿಡಿಸುವ ಕುರುಹು ಬೈಟ್‌ಗಳಲ್ಲಿಯೇ ಇದೆ. ಯುಟಿಎಫ್-8 ಕನ್ನಡವನ್ನು ತಪ್ಪಾಗಿ ಓದಿದ್ದರೆ ಪ್ರತಿ ಮೂರನೆಯ ಚಿಹ್ನೆಯ ಸ್ಥಾನದಲ್ಲಿ ಅದೇ ಗೀರಿನ ರೋಮನ್ ಅಕ್ಷರ ಮರುಕಳಿಸುತ್ತ, ಅದರ ಬೆನ್ನಿಗೇ ಚಿಕ್ಕ 2 ಅಥವಾ 3 ಅಂಕಿ ಕಾಣುತ್ತದೆ. 224, 178, 179 ಎಂಬ ಬೈಟ್‌ಗಳಿಗೆ 1252ರ ಪಟ್ಟಿಯಲ್ಲಿರುವ ರೂಪಗಳವು. ಹಳೆಯ ಫಾಂಟಿನ ಪಠ್ಯದಲ್ಲಿ ಈ ಲಯ ಇರುವುದಿಲ್ಲ. ಮೊದಲನೆಯದನ್ನು ಸರಿಯಾದ ಎನ್‌ಕೋಡಿಂಗ್ ಸರಿಪಡಿಸುತ್ತದೆ. ಎರಡನೆಯದಕ್ಕೆ ಆ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನವೇ ಬೇಕು.

ಪರದೆಯ ಮೇಲೆ ಸರಿಯಾಗಿ ಕಂಡ ಪ್ರೋಗ್ರಾಂ ಸ್ಕ್ರಿಪ್ಟಿನ ಒಳಗಿಂದ ಕರೆದಾಗ ಕೆಡುವುದು ಹಲವರನ್ನು ಗೊಂದಲಕ್ಕೀಡು ಮಾಡುವ ಇನ್ನೊಂದು ಸಂಗತಿ. ಕರೆಯಲ್ಪಡುವ ಪ್ರೋಗ್ರಾಮೂ ಪೈಥಾನಿನದೇ ಆಗಿದ್ದಾಗ ವಿಂಡೋಸ್‌ನಲ್ಲಿ ಇದು ವಿಶೇಷವಾಗಿ ಕಾಣುತ್ತದೆ. 3.6ನೆಯ ಆವೃತ್ತಿಯಿಂದ ಪೈಥಾನ್ ವಿಂಡೋಸ್ ಪರದೆಗೆ ನೇರವಾಗಿ ಯೂನಿಕೋಡಿನಲ್ಲಿ ಬರೆಯುತ್ತದೆ. ಅದೇ ಔಟ್‌ಪುಟ್ ಪೈಪಿಗೆ ಹೋಗುವಾಗ, ಮೇಲೆ ಹೇಳಿದ ರೂಢಿ ಬದಲಾಗದ ಆವೃತ್ತಿಗಳಲ್ಲಿ, 1252ರ ಪಟ್ಟಿಗೆ ಮರಳುತ್ತದೆ. ಆ ಪಟ್ಟಿಯಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲದ ಕಾರಣ ಒಳಗಿನ ಪ್ರೋಗ್ರಾಂ ಮೊದಲ ಕನ್ನಡ ಅಕ್ಷರದಲ್ಲಿಯೇ ಬಿದ್ದು, ನಿರ್ಗಮನ ಸಂಖ್ಯೆ 1 ಎಂದು ಹೇಳಿ ಹೊರಬರುತ್ತದೆ. ಹೊರಗಿನ ಸ್ಕ್ರಿಪ್ಟ್ ಆ ಸಂಖ್ಯೆಯನ್ನು ನೋಡದಿದ್ದರೆ ಅದಕ್ಕೆ ಸಿಗುವುದು ಮತ್ತೆ ಅದೇ ಖಾಲಿ ಪಠ್ಯ. ಒಳಗಿನ ಪ್ರೋಗ್ರಾಮನ್ನು ಯುಟಿಎಫ್-8 ವಿಧಾನದಲ್ಲಿ ನಡೆಸುವಂತೆ ಆಯ್ಕೆ ಕೊಟ್ಟು ಕರೆಯುವುದು ಇದಕ್ಕೆ ಮದ್ದು. ಓದುವವನಿಗೆ ಯುಟಿಎಫ್-8 ಎಂದು ಹೇಳಿದರಷ್ಟೇ ಸಾಲದು, ಬರೆಯುವವನಿಗೂ ಹೇಳಬೇಕು.

ಪೈಪಿನ ಸಾಮರ್ಥ್ಯಕ್ಕೆ ಸಂಬಂಧಿಸಿದ ಒಂದು ವಿಷಯ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಬೇಗ ಎದುರಾಗುತ್ತದೆ. ಯುನಿಕ್ಸ್‌ಗೆ 1973ರಲ್ಲಿ ಡಗ್ಲಸ್ ಮೆಕಿಲ್‌ರಾಯ್ ಅವರ ಸಲಹೆಯಂತೆ ಸೇರಿದ ಪೈಪ್ ಒಂದು ಸೀಮಿತ ಗಾತ್ರದ ತೊಟ್ಟಿ ಇದ್ದಂತೆ. ಲಿನಕ್ಸ್‌ನಲ್ಲಿ ರೂಢಿಯಾಗಿ ಅದು 65,536 ಬೈಟ್‌ಗಳನ್ನು ಹಿಡಿಯುತ್ತದೆ. ತುಂಬಿದಾಗ ಬರೆಯುವ ಪ್ರೋಗ್ರಾಂ ಯಾರಾದರೂ ಖಾಲಿ ಮಾಡುವವರೆಗೆ ಕಾಯುತ್ತದೆ. 'ಪಿಓಪನ್' ಎಂಬ ಹಳೆಯ ವಿಧಾನದಿಂದ ಪ್ರೋಗ್ರಾಮನ್ನು ಆರಂಭಿಸಿ, ಮೊದಲು ಅದು ಮುಗಿಯಲಿ ಎಂದು ಕಾದು, ಆಮೇಲೆ ಓದಲು ಹೊರಟ ಸ್ಕ್ರಿಪ್ಟ್ ಆ ಪ್ರೋಗ್ರಾಮಿಗಾಗಿ ಕಾಯುತ್ತದೆ; ಪ್ರೋಗ್ರಾಂ ಸ್ಕ್ರಿಪ್ಟಿಗಾಗಿ ಕಾಯುತ್ತದೆ. ಎರಡೂ ಹಾಗೆಯೇ ಕುಳಿತಿರುತ್ತವೆ. ಇಂಗ್ಲಿಷ್ ಪಠ್ಯಕ್ಕೆ ಈ ತೊಟ್ಟಿಯಲ್ಲಿ ಅರುವತ್ತೈದು ಸಾವಿರ ಅಕ್ಷರಗಳಿಗೆ ಎಡೆಯಿದ್ದರೆ, ಅಕ್ಷರಕ್ಕೆ ಮೂರು ಬೈಟ್‌ಗಳ ಕನ್ನಡಕ್ಕೆ 21,845 ಸಂಕೇತಗಳಿಗೆ ಮಾತ್ರ. ಸಣ್ಣಕತೆಯೊಂದರ ಮೇಲೆ ಪರೀಕ್ಷಿಸಿ ಸರಿಯೆಂದು ಒಪ್ಪಿದ ಸ್ಕ್ರಿಪ್ಟ್ ಕಾದಂಬರಿಯನ್ನು ಕೊಟ್ಟಾಗ ಉಸಿರಾಡದೆ ನಿಲ್ಲುವುದು ಇದರಿಂದ. 'ರನ್' ಬಳಸಿದವರಿಗೆ ಈ ತೊಡಕಿಲ್ಲ. 'ಪಿಓಪನ್' ಅನ್ನೇ ಬಳಸಬೇಕಾದವರು 'ಕಮ್ಯುನಿಕೇಟ್' ಎಂಬುದರ ಮೂಲಕ ಎರಡೂ ವಾಹಿನಿಗಳನ್ನು ಒಟ್ಟಿಗೆ ಖಾಲಿ ಮಾಡಿಕೊಳ್ಳಬೇಕು.

ದೊಡ್ಡ ಔಟ್‌ಪುಟ್ಟನ್ನು ತುಂಡುತುಂಡಾಗಿ ಓದುವವರು ಮೂರರ ಲೆಕ್ಕವನ್ನು ಮರೆಯಬಾರದು. ಒಂದು ಸಲಕ್ಕೆ 4096 ಬೈಟ್‌ಗಳನ್ನು ಓದುವುದು ರೂಢಿ. ತೆರಪಿಲ್ಲದ ಕನ್ನಡದಲ್ಲಿ ಅದು 1365 ಸಂಕೇತಗಳು ಮತ್ತು ಮುಂದಿನ ಸಂಕೇತದ ಒಂದು ಬೈಟ್. ಆ ತುಂಡನ್ನು ಹಾಗೆಯೇ ಓದಿಸಿದರೆ ಗಡಿಯಲ್ಲಿರುವ ಅಕ್ಷರ ಒಡೆಯುತ್ತದೆ. 'ಇಗ್ನೋರ್' ಕೂಡ ಜೊತೆಗಿದ್ದರೆ ಸದ್ದಿಲ್ಲದೆ ಹೋಗುತ್ತದೆ. 'ಕೋಡೆಕ್ಸ್' ಮಾಡ್ಯೂಲಿನಲ್ಲಿ ಉಳಿದ ಬೈಟನ್ನು ಮುಂದಿನ ತುಂಡಿಗೆ ಕಾಯ್ದಿರಿಸುವ ಹಂತಹಂತದ ಡಿಕೋಡರ್ ಇದೆ.

ಪಠ್ಯವನ್ನು ಸಾಲುಗಳಾಗಿ ಒಡೆಯುವಲ್ಲಿಯೂ ಒಂದು ಸೂಕ್ಷ್ಮವಿದೆ. ಪಿಡಿಎಫ್‌ಟುಟೆಕ್ಸ್ಟ್ ಪ್ರತಿ ಪುಟದ ಕೊನೆಯಲ್ಲಿ ಫಾರ್ಮ್ ಫೀಡ್ ಎಂಬ ಕಣ್ಣಿಗೆ ಕಾಣದ ಪುಟಗುರುತನ್ನು ಇಡುತ್ತದೆ. ಟೆಸರಾಕ್ಟ್ ಸಹ 4ನೆಯ ಆವೃತ್ತಿಯಿಂದ ಹಾಗೆ ಮಾಡುತ್ತದೆ. ಪೈಥಾನಿನ 'ಸ್ಪ್ಲಿಟ್‌ಲೈನ್ಸ್' ಈ ಗುರುತನ್ನೂ ಸಾಲಿನ ಅಂತ್ಯವೆಂದು ಎಣಿಸುತ್ತದೆ. ಕಡತವನ್ನು ಸಾಲುಸಾಲಾಗಿ ಓದುವ ವಿಧಾನ ಎಣಿಸುವುದಿಲ್ಲ. ಮುನ್ನೂರು ಪುಟಗಳ ಗ್ರಂಥದ ಕೊನೆಗೆ ಬರುವಷ್ಟರಲ್ಲಿ ಎರಡು ಎಣಿಕೆಗಳ ನಡುವೆ ಸುಮಾರು ಮುನ್ನೂರು ಸಾಲುಗಳ ಅಂತರ ಬಿದ್ದಿರುತ್ತದೆ. ಸಾಲಿನ ಸಂಖ್ಯೆಯನ್ನು ಆಕರವಾಗಿ ಕೊಡುವ ಪ್ರಬಂಧದಲ್ಲಿ ಇದು ಸಣ್ಣ ವಿಷಯವಲ್ಲ. ಮೊದಲು ಫಾರ್ಮ್ ಫೀಡಿನಲ್ಲಿ ಒಡೆದು ಪುಟಗಳನ್ನು ಪಡೆದು, ಆಮೇಲೆ ಪುಟದೊಳಗೆ ಸಾಲುಗಳನ್ನು ಎಣಿಸಿದರೆ ಆ ಗುರುತು ತೊಡಕಾಗುವ ಬದಲು ಸಹಾಯಕ್ಕೇ ಬರುತ್ತದೆ.

ಔಟ್‌ಪುಟ್ ಸರಿಯಾಗಿ ಬಂದ ಮೇಲೂ ಕೆಲವು ತಪ್ಪುಗಳನ್ನು ಅದರ ತಲೆಗೆ ಕಟ್ಟುವುದುಂಟು. ಪೈಥಾನಿನ 'ಆರ್‌ಇ' ಮಾಡ್ಯೂಲಿನಲ್ಲಿ ಪದಾಕ್ಷರವನ್ನು ಸೂಚಿಸುವ ಚಿಹ್ನೆ ಕನ್ನಡದ ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯನ್ನೂ ಅಕ್ಷರಗಳೆಂದು ಪರಿಗಣಿಸುವುದಿಲ್ಲ. ಆ ಚಿಹ್ನೆಯಿಂದ ಪದಗಳನ್ನು ಬಿಡಿಸಿದರೆ 'ಕನ್ನಡ' ಎಂಬುದು 'ಕನ' ಮತ್ತು 'ನಡ' ಎಂಬ ಎರಡು ಪದಗಳಾಗಿ ಎಣಿಕೆಗೆ ಸೇರುತ್ತದೆ. ಯೂನಿಕೋಡಿನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎಕಾರ ಮತ್ತು ಊಕಾರಗಳ ಎರಡು ಸಂಕೇತವಾಗಿಯೂ ಬರೆಯಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಹುಡುಕಾಟದಲ್ಲಿ ಬೇರೆಯಾಗುತ್ತವೆ. 'ಯೂನಿಕೋಡ್‌ಡೇಟಾ' ಮಾಡ್ಯೂಲಿನ 'ನಾರ್ಮಲೈಜ್' ಇವನ್ನು ಒಂದುಗೂಡಿಸುತ್ತದೆ. ಬೈಟ್‌ಗಳ ಕ್ರಮದಲ್ಲಿ ಅಕಾರಾದಿಯನ್ನು ಮಾಡಿಸಿದರೆ ಳಕಾರವು ಹಕಾರದ ಅನಂತರ ಬಾರದೆ ಲಕಾರ, ವಕಾರಗಳ ನಡುವೆ ಬಂದು ಕೂರುತ್ತದೆ. ೞಕಾರಕ್ಕೆ ಯೂನಿಕೋಡ್ ತಪ್ಪಾಗಿ 'ಫ' ಎಂದು ಹೆಸರಿಟ್ಟು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಿದೆ ಎಂಬುದನ್ನು ಹಳಗನ್ನಡದ ಅಭ್ಯಾಸಿಗಳು ತಿಳಿದಿರುವುದು ಒಳ್ಳೆಯದು.  ಇವೆಲ್ಲ ತಿದ್ದುಪಡಿಗಳು ಪಡೆದ ಪಾಠದ ಪ್ರತಿಯೊಂದರ ಮೇಲೆ ನಡೆಯಬೇಕೇ ಹೊರತು ಪಡೆಯುವ ಹಂತದಲ್ಲಿ ಅಲ್ಲ.

ಹಸ್ತಪ್ರತಿಯೊಂದನ್ನು ಬಳಸುವಾಗ ಅದು ಎಲ್ಲಿಯದು, ಎಷ್ಟು ಗರಿ, ಯಾವ ಸ್ಥಿತಿಯಲ್ಲಿದೆ ಎಂಬ ಪ್ರತಿಪರಿಚಯವನ್ನು ಕೊಡುವ ಸಂಪ್ರದಾಯ ನಮ್ಮಲ್ಲಿದೆ. ಪ್ರೋಗ್ರಾಮಿನಿಂದ ಪಡೆದ ಪಾಠಕ್ಕೂ ಅಂಥ ಒಂದು ಪರಿಚಯ ಅವಶ್ಯ: ಕೊಟ್ಟ ಆದೇಶದ ಪದಗಳು ಯಥಾವತ್ತಾಗಿ, ಪ್ರೋಗ್ರಾಮಿನ ಆವೃತ್ತಿ, ನಿರ್ಗಮನ ಸಂಖ್ಯೆ, ದೋಷವಾಹಿನಿಯಲ್ಲಿ ಬಂದ ಮಾತು, ನಡೆಸಿದ ದಿನಾಂಕ. 'ರನ್' ಹಿಂದಿರುಗಿಸುವ ವಸ್ತುವಿನಲ್ಲಿ ಇವುಗಳಲ್ಲಿ ಆದೇಶ, ಸಂಖ್ಯೆ, ಮಾತು ಮೂರೂ ಸಿದ್ಧವಾಗಿಯೇ ಇರುವುದರಿಂದ ಬರೆದಿಡಲು ನಾಲ್ಕೈದು ಸಾಲುಗಳ ಹೆಚ್ಚುವರಿ ಶ್ರಮ ಸಾಕು. ಟೆಸರಾಕ್ಟ್ ಬಳಸಿದವರು ಭಾಷಾದತ್ತಾಂಶ ಯಾವುದೆಂಬುದನ್ನೂ ನಮೂದಿಸಬೇಕು. ಕನ್ನಡಕ್ಕೆ ಸಾಮಾನ್ಯ, ಶೀಘ್ರ, ಉತ್ತಮ ಎಂಬ ಮೂರು ಬಗೆಯ ದತ್ತಾಂಶಗಳು ವಿತರಣೆಯಲ್ಲಿವೆ. ಒಂದೇ ಪುಟದಿಂದ ಇವು ಬೇರೆ ಬೇರೆ ಪಾಠಗಳನ್ನು ಕೊಡಬಲ್ಲವು, ಮತ್ತು ಮೂರೂ ಕಡತಗಳ ಹೆಸರು ಒಂದೇ ಆಗಿರುವುದರಿಂದ ಆದೇಶವನ್ನು ಮಾತ್ರ ನೋಡಿದವರಿಗೆ ಯಾವುದನ್ನು ಬಳಸಲಾಗಿತ್ತೆಂದು ತಿಳಿಯದು.